ಕಿಟಕಿ ಮುಚ್ಚಿಸಿದವನು

ಚಪ್ಪಲಿ ಕಾರ್ಖಾನೆಯ ಮೇಸ್ತ್ರಿಗೆ ಗಾಳಿ ಕಂಡರೆ ಆಗುತ್ತಿರಲಿಲ್ಲ. ಗಾಳಿಯಾಡಿದರೆ ಅಟ್ಟೆಗೆ ಬಳಿದ ಅಂಟು ಕೆನೆಗಟ್ಟುತ್ತದೆ, ಧೂಳು ಕೂತು ಅಟ್ಟೆ ಕಿತ್ತುಬರುತ್ತದೆ. ಹಾಗಾಗಿ ಕಿಟಕಿ ಬಂದ್, ಫ್ಯಾನೂ ಬಂದ್. "ಸೆಕೆ ಅನ್ನೋರು ಮನೇಲಿ ಬೀಸಣಿಗೆ ಹಿಡ್ಕೊಂಡು ಕೂತ್ಕೊಳ್ಳಿ" ಅನ್ನುತ್ತಿದ್ದ. ಅವನ ಕೈಕೆಳಗೆ ಅಂಟಿಸಿದ ಒಂದು ಜೋಡಿಯೂ ವಾಪಸ್ ಬಂದದ್ದಿಲ್ಲ. ಅದೇ ಅವನ ಹೆಮ್ಮೆ. ಮಾಲೀಕರ ಕೋಣೆಯ ಕಿಟಕಿ ಮಾತ್ರ ಸದಾ ತೆರೆದಿರುತ್ತಿತ್ತು. ಅಂಟಿನ ವಾಸನೆಗೆ ಅವರಿಗೆ ತಲೆನೋವಂತೆ. ಕೆಲಸದವರ ತಲೆನೋವಿಗೆ ಅಲ್ಲಿ ಸೋಮಾರಿತನ ಅಂತ ಹೆಸರು.

ಅಂಟಿನಲ್ಲಿ ರಬ್ಬರನ್ನು ಕರಗಿಸಿಡುವುದು ಹೆಕ್ಸೇನ್ ಎಂಬ ದ್ರಾವಕ. ನೀರಿನಷ್ಟು ತಿಳಿ, ಪೆಟ್ರೋಲಿನಂಥ ವಾಸನೆ, ಕಿಡಿ ಸೋಕಿದರೆ ಭಗ್ಗೆನ್ನುತ್ತದೆ. ಬೆಂಕಿಗೆ ಎಲ್ಲರೂ ಹೆದರಿ ಬೀಡಿಯನ್ನು ಗೇಟಿನಾಚೆ ಇಟ್ಟಿದ್ದರು. ಆವಿಗೆ ಯಾರೂ ಹೆದರಲಿಲ್ಲ. ಅದು ಗಾಳಿಗಿಂತ ಭಾರ, ನೆಲ ಹಿಡಿದು ಮಲಗುತ್ತದೆ. ಆ ನೆಲದ ಮೇಲೆ ಕೂತು ಅಂಟು ಬಳಿಯುತ್ತಿದ್ದವಳು ಮೇಸ್ತ್ರಿಯ ಸ್ವಂತ ತಂಗಿ. ಕೆಲಸಕ್ಕೆ ಸೇರಿಸಿದವನೂ ಅವನೇ.

ಒಂದು ಸಂಜೆ ಅವಳು ಗೇಟು ದಾಟಿದಳು, ಕಾಲಿಂದ ಜಾರಿದ ಒಂದು ಚಪ್ಪಲಿ ಅಂಗಳದಲ್ಲೇ ಉಳಿಯಿತು.

"ಏನಕ್ಕಾ, ಕತ್ತಲಾಗೋಕ್ ಮುಂಚೇನೇ ಏರಿಸ್ಕೊಂಡ್ಯಾ?" ಎಂದಳು ಜೊತೆಯವಳು.

"ಚಪ್ಪಲಿ ಮಾಡೋಳಿಗೆ ಹಾಕ್ಕೊಳ್ಳೋಕೇ ಬರಲ್ಲ ನೋಡ್ರಪ್ಪಾ!" ಅಂತ ಅಣ್ಣನೂ ಹೊಟ್ಟೆ ಹಿಡಿದು ನಕ್ಕ.

ಮರುದಿನದಿಂದ ಅವಳು ಚಪ್ಪಲಿಗೆ ಎಲಾಸ್ಟಿಕ್ ಕಟ್ಟಿಕೊಂಡು ಬಂದಳು. ಅಣ್ಣ ಅದನ್ನು ಶೋಕಿ ಅಂದುಕೊಂಡ.

ಅವಳು ಮೆಟ್ಟಿಲಲ್ಲಿ ಮುಗ್ಗರಿಸಿ ಬಿದ್ದ ಮೇಲೇ ಅವನು ಆಸ್ಪತ್ರೆಗೆ ಕರೆದೊಯ್ದದ್ದು. ಡಾಕ್ಟರು ಅಂಗಾಲಿಗೆ ಸೂಜಿ ಚುಚ್ಚಿದರು. ಅವಳು ತನ್ನ ಪಾಡಿಗೆ ತಾನು ಗೋಡೆ ನೋಡುತ್ತಿದ್ದಳು.

"ಅಂಟಿನ ಕೆಲಸ ಅಂದ್ರಿ. ಅಲ್ಲಿ ಗಾಳಿ ಆಡುತ್ತೇನಮ್ಮಾ?"

ಅವಳು ಅಣ್ಣನ ಕಡೆ ತಿರುಗಲಿಲ್ಲ. "ಚೆನ್ನಾಗಿ ಆಡುತ್ತೆ ಡಾಕ್ಟ್ರೇ. ಕಿಟಕಿ ಯಾವಾಗ್ಲೂ ತೆಗೆದೇ ಇರ್ತಾರೆ."

"ಹಾಗಾದ್ರೆ ಆವಿಯಿಂದ ಇರಲಿಕ್ಕಿಲ್ಲ. ಸಕ್ಕರೆ ಕಾಯಿಲೆ ಇದೆಯಾ ನೋಡೋಣ. ಕೆಲಸ ಬಿಡೋದೇನೂ ಬೇಡ."

ಮೇಸ್ತ್ರಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಕಾಲಿನ ಸ್ಪರ್ಶ ಕಳೆದುಕೊಂಡವಳು ಅವನ ಮಾನ ಕಾಯುತ್ತಿದ್ದಳು.

"ಸುಳ್ಳು ಸಾರ್," ಎಂದ. "ಮುಚ್ಚಿರುತ್ತೆ. ಮುಚ್ಚಿಸೋನು ನಾನೇ."

"ಸುಮ್ನಿರಣ್ಣಾ!"

ಡಾಕ್ಟರು ಅವನನ್ನೇ ದಿಟ್ಟಿಸಿದರು. "ಆ ಆವಿ ನರ ತಿನ್ನುತ್ತೆ. ಇವತ್ತಿಂದ ಇವರು ಅಲ್ಲಿಗೆ ಕಾಲಿಡಬಾರದು. ಕೆಲಸ ಬಿಟ್ಟ ಮೇಲೂ ಕೆಲಕಾಲ ಈ ಜೋಮು ಹೆಚ್ಚಾಗಬಹುದು. ಆಮೇಲೆ ನಿಧಾನವಾಗಿ ಸರಿಹೋಗಬಹುದು. ಪೂರ್ತಿ ಅಂತ ಹೇಳಲಾರೆ. ಮಿಕ್ಕವರನ್ನೂ ಕರ್ಕೊಂಡು ಬನ್ನಿ."

ಅವನು ಬಗ್ಗಿ ಅವಳಿಗೆ ಚಪ್ಪಲಿ ತೊಡಿಸಿದ, ಎಲಾಸ್ಟಿಕ್ ಬಿಗಿದ. ಬಾಗಿಲ ಕಡೆ ನೋಡುತ್ತಿದ್ದ ತಂಗಿ ಕೇಳಿದಳು:

"ಹಾಕಾಯ್ತೇನಣ್ಣಾ?"