ಕಿವಿಯ ಹುಳ ತೆಗೆಯುವ ಪಂಡಿತ

ಶೇಷಪ್ಪ ಪಂಡಿತ ಬಲಗೈ ಕಿರುಬೆರಳಿನ ಉಗುರನ್ನು ಎಂದೂ ಕತ್ತರಿಸಿದವನಲ್ಲ. ಸೌಟಿನಂತೆ ಬಾಗಿದ ಆ ಹಳದಿ ಉಗುರೇ ಅವನ ಆಸ್ಪತ್ರೆ. ಒಬ್ಬನ ಕಿವಿ ಕೆರೆದು, ಧೋತರಕ್ಕೆ ಒರೆಸಿ, ಅದನ್ನೇ ಇನ್ನೊಬ್ಬನ ಕಿವಿಗೆ ತೂರಿಸುವನು. ನಡುವೆ ಹಸಿವಾದರೆ ಅದೇ ಕೈಯಿಂದ ಮಂಡಕ್ಕಿ. ಊರು ಕುರುಗೋಡು, ಸಂತೆಯ ದಿನ ನಮ್ಮ ಸಿರುಗುಪ್ಪಕ್ಕೆ ಬರುತ್ತಿದ್ದ. ಇಂಥವನನ್ನು ನಾವೂ ನಂಬಿದ್ದೆವು ಎಂದು ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ನನ್ನ ಅಣ್ಣ ಇಮಾಮಸಾಬ ತಾಮ್ರದ ಹಂಡೆ ಬಡಿಯುವವನು. ಹಂಡೆಯೊಳಗೆ ತಲೆಯಿಟ್ಟು ಇಪ್ಪತ್ತು ವರ್ಷ ಸುತ್ತಿಗೆ ಬೀಸಿದವನಿಗೆ, ಒಂದು ಬೇಸಿಗೆಯಲ್ಲಿ ಕೆಲಸ ನಿಲ್ಲಿಸಿದರೂ ಕಿವಿಯೊಳಗಿನ ಸದ್ದು ನಿಲ್ಲದಾಯಿತು. ಊಟಕ್ಕೆ ಕೂತರೂ ಗುಂಯ್, ನಮಾಜಿಗೆ ನಿಂತರೂ ಗುಂಯ್.

“ಹುಳ ಹೊಕ್ಕೈತಲೇ ಇಮಾಮಾ,” ಅಂದ ಪಂಡಿತ. “ಮೆದುಳಿಗೆ ಹೋಗಾಕ ದಾರಿ ಹುಡುಕಾಕತ್ತೈತಿ.”

ಉಗುರಾಡಿಸಿ, ಬೆಳ್ಳನೆಯ ಹುಳವೊಂದನ್ನು ಅಂಗೈಯಲ್ಲಿ ಹಿಡಿದು ತೋರಿಸಿದ. ಜನ ಬೆರಗಾದರು; ನಾನೂ. ಸದ್ದು ಮಾತ್ರ ಹೋಗಲಿಲ್ಲ. ಮುಂದಿನ ಸಂತೆಗೆ, “ಹೆಣ್ಣು ಹುಳ ಒಳಗ ಉಳದೈತಿ” ಎಂದು ಎಡಗಿವಿಗೆ ಕಾದ ಎಣ್ಣೆ ಹೊಯ್ದ. ಅಣ್ಣ ಕಿರುಚಿದ್ದು ಸಂತೆಗೆಲ್ಲ ಕೇಳಿತು. ಕಿವಿ ಕೀವು ಕಟ್ಟಿ, ಕೊನೆಗೆ ಕೆಪ್ಪಾಯಿತು.

ಅದೇ ವಾರ ಅತ್ತಿಗೆ ಬದನೆಕಾಯಿ ಹೆಚ್ಚುತ್ತ ನನ್ನನ್ನು ಕರೆದಳು. “ನೋಡು, ನಿಮ್ಮ ಪಂಡಿತನ ಹುಳ ಇಲ್ಲೈತಿ.”

ಅಣ್ಣನನ್ನು ಬಳ್ಳಾರಿಯ ದವಾಖಾನೆಗೆ ಕರೆದೊಯ್ದೆ. ಡಾಕ್ಟರು ಕಿವಿ ನೋಡಿ ನಿಟ್ಟುಸಿರಿಟ್ಟರು. “ಹುಳಾನೂ ಇಲ್ಲ, ದೆವ್ವಾನೂ ಇಲ್ಲ. ಸುತ್ತಿಗಿ ಸದ್ದಿಗೆ ಕಿವಿ ಒಳಗ ಸವದೈತಿ. ಗುಗ್ಗಿ ಕಟ್ಟಿ ಬಂದ ಸದ್ದಾಗಿದ್ರ ತಗದು ಹಾಕಬಹುದಿತ್ತು. ಜ್ವರದ ಕ್ವಿನೈನಿಂದ ಬಂದದ್ದಾಗಿದ್ರ, ಔಷಧ ಬಿಟ್ಟಮ್ಯಾಲ ತಾನಾಗೇ ಹೋಗ್ತಿತ್ತು. ಇದು ಹೋಗೂದು ಕಷ್ಟ. ಬಲಗಿವಿನಾದ್ರೂ ಉಳಿಸ್ಕೋ, ಹತ್ತಿ ಇಟ್ಕೊಂಡು ಬಡಿ.” ಕೆಪ್ಪಾದ ಕಿವಿಯಲ್ಲೂ ಆ ಸದ್ದು ಹಾಗೇ ಉಳಿದದ್ದು ಅಣ್ಣನಿಗೆ ದೊಡ್ಡ ಅನ್ಯಾಯವೆನಿಸಿತು.

ಮಳೆಗಾಲ ಕಳೆದು, ಹಂಡೆ ಮಾರಲು ಇಬ್ಬರೂ ಕುರುಗೋಡಿಗೆ ಹೋದಾಗ ಪಂಡಿತ ಕಟ್ಟೆಯ ಮೇಲೆ ತಲೆ ಹಿಡಿದು ಕೂತಿದ್ದ. ನಮ್ಮನ್ನು ಕಂಡದ್ದೇ ಲೇ ಹೋಗಿ ರೀ ಬಂತು. “ಇಮಾಮಸಾಬ್ರ, ಚಳಿಜ್ವರಕ್ಕ ಕ್ವಿನೈನ್ ತಗೊಂಡೆ. ಎರಡೂ ಕಿವ್ಯಾಗ ಗಂಟಿ ಬಾರಸಾಕತ್ತಾವ್ರಿ. ಸಾಯ್ತೀನೇನ್ರಿ?”

“ಹುಳ ತಗೀಲೇನ್ರಿ? ಎಣ್ಣಿ ಕಾಸಲೇನ್ರಿ?” ಅಂದೆ ನಾನು.

ಅಣ್ಣ ನನ್ನನ್ನು ಸುಮ್ಮನಾಗಿಸಿದ. ಡಾಕ್ಟರು ಹೇಳಿದ್ದನ್ನೆಲ್ಲ ಅವನ ಪಕ್ಕ ಕೂತು ಸಮಾಧಾನದಿಂದ ಹೇಳಿದ. ಪಂಡಿತ ಅತ್ತುಬಿಟ್ಟ. ಔಷಧ ಮುಗಿದ ಮೇಲೆ ಅವನ ಗಂಟೆಯೂ ನಿಂತಿತಂತೆ.

ಆ ಕಣ್ಣೀರಿಗೆ ನಾಚಿಕೆಯಾದರೂ ಇರಬೇಡವೇ? ಎರಡೇ ತಿಂಗಳಿಗೆ ಸಿರುಗುಪ್ಪದ ಸಂತೆಯಲ್ಲಿ ನನಗೂ ಅಣ್ಣನಿಗೂ ಮತ್ತೆ ಕಂಡ. ರಾರಾವಿಯ ಹೆಣ್ಣುಮಗಳೊಬ್ಬಳು ಅವನೆದುರು ತಲೆ ವಾಲಿಸಿ ಕೂತಿದ್ದಳು. “ನನ್ನ ಕಿವಿ ಗಂಟಿ ನಾನೇ ಮಂತ್ರಿಸಿ ನಿಲ್ಲಿಸೀನಿ. ಈ ಇಮಾಮನ್ನೂ ಕೇಳ್ರಿ, ನನ್ನ ಕೈಯಾಗ ನೆಟ್ಟಗಾದಾಂವ!” ಎಂದು ಪಂಡಿತ ಕೂಗಿದ. ಜನ ತಿರುಗಿ ನೋಡಿದರು. ಸಂತೆಯ ಗದ್ದಲದಲ್ಲಿ ಮಾತು ಸರಿಯಾಗಿ ಕೇಳಿಸದ ಅಣ್ಣ, ಯಾರೋ ಕುಶಲ ಕೇಳಿದರೆಂದು ನಗುತ್ತ ತಲೆದೂಗಿದ.

ನಾನು ಅವನ ಬಲಗಿವಿಗೆ ಬಾಯಿಟ್ಟು ವಿಷಯ ಹೇಳಿದೆ. ಅಣ್ಣನ ಮುಖ ಕಪ್ಪಿಟ್ಟಿತು. ನೇರ ಹೋಗಿ ಆಕೆಯ ಮುಂದೆ ನಿಂತ. ಕೆಪ್ಪನ ದನಿ, ತಗ್ಗಿಸಲು ಬಾರದು. “ಏಳವ್ವ ತಂಗಿ. ನನ್ನ ಎಡಗಿವಿ ಕಳದಾಂವ ಇವನ!”

ಆಕೆ ಎದ್ದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಪಂಡಿತ ಗಂಟು ಕಟ್ಟಿಕೊಂಡು ಹೋದವನು ಮತ್ತೆ ಸಿರುಗುಪ್ಪಕ್ಕೆ ಬರಲಿಲ್ಲ. ಎಲ್ಲಿ ಸತ್ತನೋ, ನಾನು ವಿಚಾರಿಸಲೂ ಇಲ್ಲ.