ಹಬಸಿ ದಿಬ್ಬದ ಏಳು ಕಲ್ಲು

ನಾನು ನಿಂತಿದ್ದದ್ದು ಕೋಟೆ ಗುಡ್ಡದ ಬುಡದಲ್ಲಿ, ಹೆದ್ದಾರಿಯಿಂದ ಸುಮಾರು ನಲವತ್ತು ಹೆಜ್ಜೆ ಒಳಗೆ, ಒಂದು ಹೊನ್ನೆ ಮರದ ಕೆಳಗೆ. ತೊಂಬತ್ತರ ದಶಕ ಮುಗಿಯುವುದರಲ್ಲಿತ್ತು. ಡಿಸೆಂಬರ್ ತಿಂಗಳು, ಬುಧವಾರ, ಬೆಳಿಗ್ಗೆ ಹತ್ತೂವರೆ. ಹೊತ್ತು ನೆನಪಿದೆ, ಏಕೆಂದರೆ ಶಾಲೆಯ ಪ್ರಾರ್ಥನೆ ಮುಗಿಸಿ, ಮಕ್ಕಳನ್ನು ಜೊತೆಯ ಟೀಚರಿಗೆ ಒಪ್ಪಿಸಿ, ಗಲಾಟೆ ಕೇಳಿ ಬಂದಿದ್ದೆ. ನನ್ನ ಮುಂದೆ ಎಂಟು ಹತ್ತು ಮಾರು ದೂರದಲ್ಲಿ ಒಂದು ದಿಬ್ಬ. ಅದರ ಮೇಲೆ ಏಳು ಕಲ್ಲು. ದಿಬ್ಬಕ್ಕೂ ಒಂದು ಟ್ರ್ಯಾಕ್ಟರಿಗೂ ನಡುವೆ ಒಬ್ಬ ಮುದುಕಿ ನಿಂತಿದ್ದಳು.

ಕೋಟೆಯನ್ನು ಎಲ್ಲರೂ ಬಲ್ಲರು. ನಕ್ಷತ್ರದ ಹಾಗೆ ಎಂಟು ಮೂಲೆ. ಕಟ್ಟಿಸಿದ ಸುಲ್ತಾನನ ಹೆಸರನ್ನು ನನ್ನ ಮೂರನೆಯ ತರಗತಿಯ ಮಕ್ಕಳೂ ಹೇಳುತ್ತಿದ್ದರು. ಅಲ್ಲಿ ಕಾವಲು ನಿಂತವರು ಯಾರು ಎಂದು ಅವರು ಕೇಳಲಿಲ್ಲ, ನಾನೂ ಯೋಚಿಸಿರಲಿಲ್ಲ.

ಮುದುಕಿಯನ್ನು ನಾನು ಮೊದಲೇ ಬಲ್ಲೆ. ಹೆತ್ತೂರು ಕಡೆಯ ಒಂದು ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ ಮಗಳೊಂದಿಗಿದ್ದಳು. ಸಿದ್ದಿ ಜನದವಳು. ಅವರ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದ್ದರು. ಆ ಜನ ಹೆಚ್ಚಾಗಿರುವುದು ಯಲ್ಲಾಪುರದ ಕಾಡುಗಳಲ್ಲಿ. ನಮ್ಮ ಸುತ್ತಿನಲ್ಲಿ ನಾನು ಕಂಡದ್ದು ಆ ಒಂದೇ ಮನೆ. ಬಸ್ಸಿನಲ್ಲಿ ಆಕೆಯ ಗುಂಗುರು ಕೂದಲು ನೋಡಿ ಯಾರಾದರೂ, “ಯಾವ್ ದೇಶ ಅಜ್ಜಿ?” ಎಂದರೆ, “ಹೆತ್ತೂರು ದೇಶ ಕಣೋ, ನೀನ್ ಟಿಕೆಟ್ ತಗಂಡ್ಯಾ?” ಎನ್ನುತ್ತಿದ್ದಳು.

ವರ್ಷಕ್ಕೊಮ್ಮೆ, ಕಾಫಿ ಕೊಯ್ಲಿಗೆ ಮುಂಚೆ, ಆಕೆ ದಿಬ್ಬಕ್ಕೆ ಬರುತ್ತಿದ್ದಳು. ಒಂದೊಂದು ಕಲ್ಲನ್ನೂ ಬೆರಳ ಗೆಣ್ಣಿನಿಂದ ಮೂರು ಸಲ ತಟ್ಟಿ, “ಐದೀಯೇನಪ್ಪ?” ಎಂದು ಕೇಳಿ, ಸ್ವಲ್ಪ ತಡೆದು, “ಅವ್ನೆ, ಇಲ್ಲೇ ಅವ್ನೆ” ಎಂದು ತಾನೇ ಹೇಳಿಕೊಳ್ಳುತ್ತಿದ್ದಳು. ಏಳನೆಯ ಕಲ್ಲಿಗೆ ಮಾತ್ರ “ಐದೀಯೇನವ್ವ?” ಎನ್ನುತ್ತಿದ್ದಳು. ಆಮೇಲೆ ಶಾಲೆಯ ಜಗಲಿಗೆ ಬಂದು ನೀರು ಕುಡಿದು ಹೋಗುತ್ತಿದ್ದಳು. ಇವರೆಲ್ಲ ಯಾರು ಎಂದು ನಾನು ಒಂದು ಸಲವಾದರೂ ಕೇಳಬಹುದಿತ್ತು. ಯಾವುದೋ ದೆವ್ವದ ಪೂಜೆ ಇರಬೇಕೆಂದು ಸುಮ್ಮನಿದ್ದೆ.

ಆ ಮಳೆಗಾಲದಲ್ಲಿ, ಕೋಟೆಗೆ ಬರುವವರಿಗಾಗಿ ಕೆಳಗೆ ಬಸ್ಸು ನಿಲ್ಲುವ ಜಾಗ ಮಾಡಬೇಕೆಂದು ಊರಿನ ಕೆಲವರು ಸೇರಿ ಒಂದು ನಕ್ಷೆ ಮಾಡಿಸಿದರು. ಗುಡ್ಡದ ಸುತ್ತಲಿನ ಜಾಗಗಳ ಹೆಸರನ್ನು ದನ ಕಾಯುವ ಒಬ್ಬ ಮುದುಕನ ಬಾಯಿಂದ ಕೇಳಿ ಯಾರೋ ಬರೆದುಕೊಂಡಿದ್ದರು. ಕಾಗುಣಿತ ನೋಡಿ ನಕಲು ಮಾಡಿಕೊಡಿ ಎಂದು ಆ ಹಾಳೆ ನನ್ನ ಕೈಗೆ ಬಂತು. ಅದರಲ್ಲಿ ಒಂದು ಹೆಸರು, ‘ಹಬಸಿ ದಿಬ್ಬ’.

ನಾನು ದಿನವಿಡೀ ತಿದ್ದುವವನು. ನಮ್ಮ ಮಕ್ಕಳು ಆಡುವಂತೆಯೇ ಬರೆಯುತ್ತಾರೆ. ‘ಹೋಗ್ಬುಟ್ಟ’ ಎಂದಿದ್ದರೆ ಹೊಡೆದು ‘ಹೋಗಿಬಿಟ್ಟ’ ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತೇನೆ. ಅದೇ ಕೈಯಲ್ಲಿ ‘ಹಬಸಿ’ ಹೊಡೆದು ‘ಹಬ್ಬದ’ ಎಂದು ಬರೆದೆ. ಒಂದು ಗಳಿಗೆಯೂ ಯೋಚಿಸಲಿಲ್ಲ. ನಕಲು ಕೊಟ್ಟು ಕಳಿಸಿದ ಮೇಲೆ ಹಳೆಯ ಹಾಳೆಯಲ್ಲಿ ಸೀಮೆಸುಣ್ಣದ ತುಂಡುಗಳನ್ನು ಕಟ್ಟಿಟ್ಟೆ.

ಈಗ ಆ ಬುಧವಾರ, ಕೆಲಸದ ಮೇಸ್ತ್ರಿ ನಕ್ಷೆಯನ್ನು ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಹರಡಿದ.

“ನೋಡಜ್ಜಿ, ಏನ್ ಬರ್ದೈತೆ? ಹಬ್ಬದ ದಿಬ್ಬ. ಹಬ್ಬ ಮಾಡೋ ಜಾಗದಾಗೆ ಯಾರಾರ ಹೆಣ ಹೂಳ್ತಾರಾ?”

“ಹಬ್ಬ ಅಲ್ಲ ಕಣಪ್ಪ, ಹಬಸಿ. ನಮ್ಮೋರು. ಕೋಟೆ ಕಾದೋರು, ಇಲ್ಲೇ ಮಣ್ಣಾದ್ರು. ನಮ್ಮವ್ವ ತೋರ್ಸಿದ್ದು, ಅವಳಿಗೆ ಅವಳವ್ವ ತೋರ್ಸಿದ್ದು.”

“ಹಂಗಾರೆ ಕೋಟೆನೂ ನಿಮ್ದೇ ಆಯ್ತಲ್ಲ! ಹೋಗ್ ಬೀಗ ಜಡ್ಕೊ.”

ಕೆಲಸದವರು ನಕ್ಕರು. ಟ್ರ್ಯಾಕ್ಟರ್ ಓಡಿಸುವವನು ಮಗ್ಗೆ ಊರಿನ ಕ್ರೈಸ್ತ, ಅವನ ಅಜ್ಜ ಮಂಗಳೂರು ಕಡೆಯಿಂದ ಬಂದವನಂತೆ. ಅವನು ಇಂಜಿನ್ ನಿಲ್ಲಿಸಿ, “ಸುಮ್ನಿರು ಮಾರಾಯ, ವಯಸ್ಸಾದೋರು ಏನೋ ಹೇಳ್ತಾವ್ರೆ,” ಎಂದ.

ಆಕೆ ನನ್ನ ಕಡೆ ತಿರುಗಿದಳು. “ಮೇಷ್ಟ್ರೇ, ನೀವ್ ಓದ್ದೋರು. ಆ ಕಾಗದ್ದಾಗಿರದು ಸರೀನಾ? ನೀವೊಂದ್ ಮಾತ್ ಹೇಳಿ.”

“ಕಾಗುಣಿತ ಎಲ್ಲ ಮೇಷ್ಟ್ರೇ ನೋಡವ್ರೆ ಕಣಜ್ಜಿ,” ಎಂದ ಮೇಸ್ತ್ರಿ.

ನಾನು ತಿದ್ದಿದ್ದು ತಪ್ಪು ಎಂದು ಹೇಳಬೇಕಿತ್ತು. ಐದು ಜನರ ಮುಂದೆ ಆ ಮಾತು ಬರಲಿಲ್ಲ. “ನೋಡ್ಬೇಕು. ಹಳೇ ಹಾಳೆ ನೋಡಿ ಬಂದು ಹೇಳ್ತೀನಿ,” ಎಂದೆ.

“ಮೇಷ್ಟ್ರು ನೋಡ್ಕಂಡ್ ಬರ್ಲಿ,” ಎಂದು ಆಕೆ ದಾರಿ ಬಿಟ್ಟಳು. ಟ್ರ್ಯಾಕ್ಟರಿಗೆ ಹೆದರಿ ಅಲ್ಲ. ನನ್ನ ಮಾತು ನಂಬಿ.

ಶಾಲೆಯಲ್ಲಿ ಸೀಮೆಸುಣ್ಣ ಮುಗಿದಿತ್ತು, ಅದನ್ನು ಕಟ್ಟಿಟ್ಟಿದ್ದ ಹಾಳೆಯೂ ಇರಲಿಲ್ಲ. ಬೀರುವಿನಲ್ಲಿ ನಿಘಂಟು ಇತ್ತು. ವರ್ಷಗಳಿಂದ ಅಲ್ಲೇ ಇತ್ತು. ‘ಹಬಸಿ: ಆಫ್ರಿಕಾದ ಅಬಿಸೀನಿಯಾ ದೇಶದವನು’. ಪುಸ್ತಕ ಹಿಡಿದು ವಾಪಸು ಹೋಗುವಷ್ಟರಲ್ಲಿ ದಿಬ್ಬ ನೆಲಸಮವಾಗಿತ್ತು, ಆಕೆ ಹೊರಟುಹೋಗಿದ್ದಳು.

ನಡುವೆ ನಡೆದದ್ದನ್ನು ನಾನು ಕಾಣಲಿಲ್ಲ, ಟ್ರ್ಯಾಕ್ಟರಿನವನು ಹೇಳಿದ್ದು. ಮೇಸ್ತ್ರಿ ಆಕೆಗೆ, ಮೇಷ್ಟ್ರು ಬರೋ ತನಕ ಮುಟ್ಟುವುದಿಲ್ಲ, ಹೋಗಿ ಟೀ ಕುಡಿದು ಬಾ ಎಂದನಂತೆ. ರಸ್ತೆಯಾಚೆಯ ಹೋಟೆಲಿನಿಂದ ಆಕೆ ಓಡಿ ಬರುವಾಗ ಐದು ಕಲ್ಲು ಕಿತ್ತಾಗಿತ್ತಂತೆ. “ಕೆಳಗೆ ಏನಾದ್ರೂ ಸಿಕ್ತಾ?” ಎಂದು ಕೇಳಿದೆ. ಅವನು ಕೈ ಒರೆಸಿಕೊಂಡು ಟ್ರ್ಯಾಕ್ಟರ್ ಹತ್ತಿದ.

ಹೆಸರು ಸರಿಪಡಿಸಿ ಎಂದು ನಕ್ಷೆ ಮಾಡಿಸಿದವರಿಗೆ ಎರಡು ಸಲ ಬರೆದೆ. ಮೂಲ ಹಾಳೆ ಲಗತ್ತಿಸಿ ಎಂದು ಉತ್ತರ ಬಂತು. ದನ ಕಾಯುವ ಮುದುಕ ಆ ಹೊತ್ತಿಗೆ ತೀರಿಕೊಂಡಿದ್ದ.

ಮುಂದಿನ ವರ್ಷ ಆಕೆ ಬಂದಳು. ಬಸ್ಸು ನಿಲ್ಲುವ ಜಾಗದ ಅಂಚಿಗೆ ಸಾಲಾಗಿ ಕಲ್ಲು ನೆಟ್ಟು ಸುಣ್ಣ ಬಳಿದಿದ್ದರು. ದಿಬ್ಬದ ಏಳೂ ಅವುಗಳ ನಡುವೆ ಎಲ್ಲೋ ಸೇರಿದ್ದವು. ಆಕೆ ಮೊದಲನೆಯದನ್ನು ತಟ್ಟಿ, “ಐದೀಯೇನಪ್ಪ?” ಎಂದು ಕಾದಳು. ಮುಂದಿನದಕ್ಕೆ ಹೋದಳು. “ಅವ್ನೆ” ಎಂಬ ಮಾತು ಬರಲಿಲ್ಲ. ಸಾಲಿನ ಕೊನೆಯವರೆಗೂ ಹಾಗೆಯೇ ಹೋದಳು. ಗೆಣ್ಣುಗಳೆಲ್ಲ ಬಿಳಿಯಾಗಿದ್ದವು.

“ಯಾವ್ದು ಅಂತ ಗೊತ್ತಾಗ್ತಿಲ್ಲ ಮೇಷ್ಟ್ರೇ. ಎಲ್ಲಕ್ಕೂ ಒಂದೇ ಬಣ್ಣ ಬಳ್ದುಬುಟ್ಟವ್ರೆ.”

ಆಗ ಹೇಳಿದೆ: ಆ ಪದವನ್ನು ಹೊಡೆದು ಹಾಕಿದವನು ನಾನೇ ಎಂದು.

ಆಕೆ ನನ್ನನ್ನು ನೋಡಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, “ಹಬ್ಬ ಅಂದ್ರೆ ಒಳ್ಳೇ ಮಾತೇ ಅಲ್ವಾ ಮೇಷ್ಟ್ರೇ,” ಎಂದಳು. ಆ ದಿನ ಶಾಲೆಗೆ ನೀರು ಕೇಳಲು ಬರಲಿಲ್ಲ. ಮತ್ತೆಂದೂ ಬರಲಿಲ್ಲ. ಎರಡು ಮಳೆಗಾಲ ಕಳೆದು ತೀರಿಕೊಂಡಳೆಂದು ಕೇಳಿದೆ.

ಲಗತ್ತಿಸಲು ಹಾಳೆಯಿಲ್ಲ, ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ದಿಬ್ಬದ ಮೇಲೆ ಏಳು ಕಲ್ಲುಗಳನ್ನು ಕಣ್ಣಾರೆ ಕಂಡು, ಅವು ಯಾರವೆಂದು ಬಲ್ಲವರಲ್ಲಿ, ನಾನು ಬಲ್ಲಂತೆ, ನನ್ನ ಹೊರತು ಇಬ್ಬರು ಬದುಕಿದ್ದಾರೆ. ಮಗ್ಗೆಯಲ್ಲಿರುವ ಆ ಟ್ರ್ಯಾಕ್ಟರಿನವನು. ಈಗ ಅವನಿಗೆ ಕಣ್ಣು ಮಂಜು. ಇನ್ನೊಬ್ಬಳು ಹೆತ್ತೂರಿನ ಲೈನ್ ಮನೆಯಲ್ಲಿರುವ, ಆ ಮುದುಕಿಯ ಮಗಳು. ಚಿಕ್ಕವಳಿದ್ದಾಗ ತಾಯಿಯ ಜೊತೆ ಬಂದು ಏಳನ್ನೂ ತಟ್ಟಿದ್ದಾಳೆ.