ಹುಲಿಗೆವ್ವನ ಅಂಗಾಲು, ನನ್ನ ಟೇಪು

ಇಂಥ ಅನುಭವಗಳನ್ನು ಹೇಳುವವರನ್ನು ಕಂಡರೆ ಒಂದು ಕಾಲಕ್ಕೆ ನನಗೆ ನಗು ಬರುತ್ತಿತ್ತು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೆಲದಡಿಯ ನೀರು ತೋರಿಸುವವರನ್ನಂತೂ ಎದುರಿಗೇ ಹಂಗಿಸುತ್ತಿದ್ದೆ. ಭೂವಿಜ್ಞಾನ ಓದಿ, ಅಂತರ್ಜಲದ ಮೇಲೆ ಪಿಎಚ್.ಡಿ. ಮಾಡುತ್ತಿದ್ದವನು ನಾನು, ನೀರಿನ ವಿಷಯದಲ್ಲಿ ನನಗಿಂತ ತಿಳಿದವರು ರಾಯಚೂರು ಜಿಲ್ಲೆಯಲ್ಲಿ ಇರಲಾರರು ಎಂಬ ಜಂಬ ಬೇರೆ. ಆದ್ದರಿಂದ ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ರಾಯಚೂರಿನಲ್ಲಿ ನಮ್ಮದು ಅಕ್ಕಿ ಗಿರಣಿಯ ಮನೆ. ಸಂಶೋಧನೆಗಾಗಿ ಮಾನ್ವಿ, ದೇವದುರ್ಗ ತಾಲ್ಲೂಕುಗಳಲ್ಲಿ ಮೂವತ್ತಾರು ಬಾವಿಗಳನ್ನು ಆರಿಸಿಕೊಂಡಿದ್ದೆ. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಹೋಗಿ, ತುದಿಗೆ ಕಬ್ಬಿಣದ ಗುಂಡು ಕಟ್ಟಿದ ಬಟ್ಟೆಯ ಟೇಪನ್ನು ಬಾವಿಗೆ ಇಳಿಬಿಡುತ್ತಿದ್ದೆ. ಗುಂಡು ನೀರು ಮುಟ್ಟಿದ ಸಪ್ಪಳ ಕೇಳಿದ ಕೂಡಲೇ ಕಟ್ಟೆಯ ಹತ್ತಿರ ಟೇಪಿನ ಅಂಕಿ ಓದಿ ಬರೆದುಕೊಳ್ಳುವುದು. ಎರಡು ವರ್ಷ ಇದೇ ಕೆಲಸ.

ಎರಡನೇ ವರ್ಷದ ಮಾರ್ಚಿನಲ್ಲಿ ಒಂದು ಆಶ್ಚರ್ಯ ಕಾಣಿಸಿತು. ಮೂವತ್ತಾರೂ ಬಾವಿಗಳಲ್ಲಿ ನೀರು ಒಂದೇ ತಿಂಗಳಲ್ಲಿ ಒಂದು ಅಡಿಗಿಂತ ಹೆಚ್ಚು ಇಳಿದಿತ್ತು. ಸಾಮಾನ್ಯವಾಗಿ ಆ ತಿಂಗಳಲ್ಲಿ ನಾಲ್ಕಾರು ಅಂಗುಲ ಇಳಿದರೆ ಹೆಚ್ಚು. ಅಷ್ಟು ಸುಲಭಕ್ಕೆ ಹೊಗಳದ ನಮ್ಮ ಗೈಡು ಕೂಡ ಅಂಕಿಗಳನ್ನು ನೋಡಿ, ಇದು ಹೊಸ ಸಂಗತಿ, ಇದಕ್ಕೊಂದು ಅಧ್ಯಾಯವನ್ನೇ ಬರೆ ಎಂದರು. ನಾನು ಹಗಲು ರಾತ್ರಿ ಕೂತು ಬರೆದು ಟೈಪಿಸ್ಟಿಗೂ ಕೊಟ್ಟೆ. ಇಡೀ ಪ್ರಬಂಧಕ್ಕೆ ಆ ಅಧ್ಯಾಯವೇ ಜೀವ ಎಂದುಕೊಂಡಿದ್ದೆ.

ಏಪ್ರಿಲ್‌ನಲ್ಲಿ ಮಾನ್ವಿ ತಾಲ್ಲೂಕಿನ ಚೀಕಲಪರ್ವಿ ಕಡೆಯ ಒಂದು ಹಳ್ಳಿಗೆ ಹೋದೆ. ಅಲ್ಲಿಯ ಬಾವಿಯ ಪಕ್ಕದಲ್ಲೇ ಹುಲಿಗೆವ್ವನ ಮನೆ. ಅರವತ್ತರ ಆಸುಪಾಸಿನ, ಹೊಲದ ಕೂಲಿ ಮಾಡಿಕೊಂಡಿದ್ದ ಹೆಂಗಸು. ನಾನು ಅಳೆಯುವಾಗಲೆಲ್ಲ ಬಂದು ನಿಲ್ಲುತ್ತಿದ್ದಳು. ಬೇರೆಯವರೆಲ್ಲ ಬೋರ್‌ವೆಲ್ ಯಾವಾಗ ಹಾಕಿಸುತ್ತೀರಿ ಎಂದು ಕೇಳಿದರೆ, ಈಕೆ ಕೇಳುತ್ತಿದ್ದುದು ದೇವದುರ್ಗದ ಕಡೆಯ ಒಂದೇ ಒಂದು ಬಾವಿಯ ಸುದ್ದಿ. ಅದು ಆಕೆಯ ತವರೂರಿನದು. ಆ ಬಾವಿ ತೋಡಿದವರಲ್ಲಿ ಆಕೆಯ ಅಪ್ಪನೂ ಒಬ್ಬ. ಆಗ ಹತ್ತು ಹನ್ನೆರಡು ವರ್ಷದ ಈಕೆ ಮಣ್ಣಿನ ಬುಟ್ಟಿ ಹೊತ್ತಿದ್ದಳು. ನೀರು ಬಿದ್ದ ಮೇಲೆ ಊರಿನವರು ಇವರ ಓಣಿಯವರಿಗೆ ಬಾವಿ ಮುಟ್ಟಬೇಡಿ ಎಂದರಂತೆ. ಆ ಊರಿನ ಹೆಸರು ಇಲ್ಲಿ ಬೇಡ. ಅಪ್ಪ ತೀರಿಕೊಂಡ ಮೇಲೆ ಅಲ್ಲಿ ತನ್ನವರು ಯಾರೂ ಉಳಿಯಲಿಲ್ಲ, ತಾನು ಆ ಕಡೆ ಕಾಲಿಟ್ಟು ನಲವತ್ತು ವರ್ಷವಾಯಿತು ಎಂದು ಯಾರದೋ ಮನೆಯ ಸುದ್ದಿಯಂತೆ ಹೇಳಿದ್ದಳು.

ಅವತ್ತು ಮಧ್ಯಾಹ್ನ ನಾನು ನನ್ನ ಹೊಸ ಸಂಗತಿಯನ್ನು ಆಕೆಯ ಮುಂದೆ ಕೊಚ್ಚಿಕೊಂಡೆ. ಎಲ್ಲ ಕಡೆ ನೀರು ಒಂದಡಿ ಇಳಿದಿದೆ, ನಿನ್ನ ತವರಿನ ಬಾವಿಯಲ್ಲೂ ಇಳಿದಿದೆ ಎಂದೆ. ಆಕೆ ತಲೆ ಅಲ್ಲಾಡಿಸಿದಳು.

"ಅಲ್ಲಿ ಇಳಿದಿಲ್ಲ ಯಪ್ಪಾ. ಮ್ಯಾಲಿಂದ ಹನ್ನೊಂದನೇ ಮೆಟ್ಟಲಾ ನಮ್ಮಪ್ಪ ಇಟ್ಟ ಕಲ್ಲು. ಅದರ ಮ್ಯಾಲ ಉಳಿ ಗುರುತು ಅದ. ನೀರು ಇನ್ನೂ ಅದನ್ನ ಬಿಟ್ಟಿಲ್ಲ."

ನಿನಗೆ ಹೇಗೆ ಗೊತ್ತು ಎಂದು ನಗುತ್ತಲೇ ಕೇಳಿದೆ.

"ಆ ಕಲ್ಲಿನ ಮ್ಯಾಲ ನಿಂತು ಬುಟ್ಟಿ ಎತ್ತಿ ಕೊಟ್ಟಾಕಿ ನಾನು. ಅದಕ್ಕ ನೀರು ತಾಗಿರೋ ತನಕ ನನ್ನ ಅಂಗಾಲು ತಣ್ಣಗ ಇರ್ತಾವ. ಬೇಕಾದ್ರ ಮುಟ್ಟಿ ನೋಡು."

ಕಟ್ಟೆಯ ಮೇಲೆ ಕೂತು ಕಾಲು ಚಾಚಿದಳು. ನಮ್ಮ ಕಡೆಯ ಏಪ್ರಿಲ್ ಬಿಸಿಲು ಹೇಗಿರುತ್ತದೆ ಎಂದು ಗೊತ್ತಿದ್ದವರಿಗೆ ಗೊತ್ತು. ಚಪ್ಪಲಿ ಹಾಕಿಕೊಂಡಿದ್ದ ನನಗೇ ಎರೆಮಣ್ಣು ಸುಡುತ್ತಿತ್ತು. ಆಕೆ ಹೊಲದಿಂದ ಆಗಷ್ಟೇ ಬರಿಗಾಲಲ್ಲಿ ಬಂದಿದ್ದಳು. ಮುಟ್ಟಿದೆ. ನೀರು ತುಂಬಿಟ್ಟ ಗಡಿಗೆಯ ಹಾಗೆ ತಣ್ಣಗಿದ್ದವು. ಆಕೆ ಸೆರಗು ಸರಿಮಾಡಿಕೊಂಡು ರೊಟ್ಟಿ ಬಡಿಯಲು ಒಳಗೆ ಹೋದಳು.

ಮಾನ್ವಿ ಕಡೆ ಇನ್ನೂ ಬಾವಿಗಳು ಉಳಿದಿದ್ದವು. ಆದರೂ ಮರುದಿನ ಬೆಳಿಗ್ಗೆಯೇ ಸಿರವಾರದ ಮೇಲೆ ಹಾಯ್ದು ದೇವದುರ್ಗದ ಕಡೆ ಹೋದೆ. ಆಕೆಯ ಮಾತು ಸುಳ್ಳು ಮಾಡಬೇಕೆಂದೇ ಹೋದೆ, ನಿಜ ಹೇಳುತ್ತೇನೆ. ಬಾವಿಯೊಳಗೆ ಮೆಟ್ಟಿಲು ಎಣಿಸುತ್ತ ಇಳಿದೆ. ಹನ್ನೊಂದನೆಯದರ ಮೇಲೆ ಉಳಿಯಿಂದ ಕೆತ್ತಿದ ಗುರುತಿತ್ತು. ಅದನ್ನು ತೋಯಿಸುವಷ್ಟೇ ನೀರು ನಿಂತಿತ್ತು. ಎರಡು ವರ್ಷ ಆ ಬಾವಿಗೆ ಬಂದವನು ಅದರ ಮೆಟ್ಟಿಲನ್ನೇ ನೋಡಿರಲಿಲ್ಲ.

ಮೇಲೆ ಬಂದು ಟೇಪು ಇಳಿಬಿಟ್ಟೆ. ಆಮೇಲೆ ಉಕ್ಕಿನ ಅಡಿಕೋಲಿನಿಂದ ಕಟ್ಟೆಯಿಂದ ಆ ಮೆಟ್ಟಿಲಿನವರೆಗೆ ಒಂದೊಂದೇ ಮೆಟ್ಟಿಲಿನ ಎತ್ತರ ಅಳೆದು ಕೂಡಿಸಿದೆ. ಟೇಪು ಒಂದಡಿ ಹೆಚ್ಚಿಗೆ ತೋರಿಸುತ್ತಿತ್ತು. ಇನ್ನೊಮ್ಮೆ ಅಳೆದರೂ ಅಷ್ಟೇ. ಅಲ್ಲೇ ಕೂತು ಟೇಪಿನ ತುದಿ ನೋಡಿದೆ. ಫೆಬ್ರವರಿ ಕೊನೆಗೆ ತುದಿಯ ಬಟ್ಟೆ ಪಿಸಿದು ಹೋಗಿದ್ದರಿಂದ, ರಾಯಚೂರು ಪೇಟೆಯ ತೀನ್ ಕಂದೀಲ್ ಹತ್ತಿರ ಚಪ್ಪಲಿ ಹೊಲಿಯುವವರ ಕೈಲಿ ಗುಂಡನ್ನು ಮತ್ತೆ ಹೊಲಿಸಿದ್ದೆ. ಅವರು ಪಿಸಿದ ಬಟ್ಟೆ ಕತ್ತರಿಸಿ, ತೊಗಲಿನ ತುಂಡು ಇಟ್ಟು ಗಟ್ಟಿಯಾಗಿ ಹೊಲಿದುಕೊಟ್ಟಿದ್ದರು. ಹೇಳಿದ ಕೆಲಸವನ್ನು ಅವರು ಚೆನ್ನಾಗಿಯೇ ಮಾಡಿದ್ದರು. ಸೊನ್ನೆಯಿಂದ ಒಂದಡಿಯವರೆಗಿನ ತುಂಡೇ ಹೋಗಿದೆ ಎಂದು ನೋಡದ ತಪ್ಪು ನನ್ನದು. ಮೂವತ್ತಾರು ಬಾವಿಗಳಲ್ಲಿ ಇಳಿದದ್ದು ನೀರಲ್ಲ, ನನ್ನ ಟೇಪು.

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ವಾರ ಸುಮ್ಮನೇ ಇದ್ದೆ ಕೂಡ. ಆದರೆ ಮಾನ್ವಿಯ ಆ ಹೆಂಗಸಿಗೆ ತಿಳಿದಿತ್ತಲ್ಲ! ಕೊನೆಗೆ ಗೈಡಿನ ಮುಂದೆ ಒಪ್ಪಿಕೊಂಡೆ. ಅವರು, ಆ ಅಧ್ಯಾಯ ತೆಗೆದುಹಾಕು ಎಂದರು. ಡಿಗ್ರಿ ಒಂದು ವರ್ಷ ತಡವಾಯಿತು.

ಮೌಖಿಕ ಪರೀಕ್ಷೆಯಲ್ಲಿ, ತಪ್ಪನ್ನು ಹೇಗೆ ಕಂಡುಹಿಡಿದೆ ಎಂದು ಪರೀಕ್ಷಕರು ಕೇಳಿದರು. ಉಪಕರಣಗಳನ್ನು ಆಗಾಗ ಪರೀಕ್ಷಿಸುವುದು ನನ್ನ ಪದ್ಧತಿ ಎಂದೆ. ಶುದ್ಧ ಸುಳ್ಳು. ಅವರು ಮೆಚ್ಚಿ ತಲೆದೂಗಿದರು. ಅವತ್ತು ಆಕೆಯ ಹೆಸರು ಹೇಳದೆ ಹೋದದ್ದು ಈಗಲೂ ನನ್ನನ್ನು ಕುಟುಕುತ್ತದೆ.

ಎಷ್ಟೋ ವರ್ಷ ಇದಕ್ಕೊಂದು ಕಾರಣ ಹುಡುಕಿದ್ದೇನೆ. ತಣ್ಣನೆ ಅಂಗಾಲಿಗೆ ನರದ ಕಾಯಿಲೆ ಕಾರಣವಿರಬಹುದು ಎಂದರು ಒಬ್ಬ ಡಾಕ್ಟರು. ಇರಲಿ, ಆದರೆ ಹನ್ನೊಂದನೇ ಮೆಟ್ಟಿಲು? ಆ ಊರಿನಿಂದ ಆಕೆಯ ಮನೆಗೆ ಬರುವವರು ಯಾರೂ ಇರಲಿಲ್ಲ. ನಾನು ಮುಂದೆ ಬೇಕಾದಷ್ಟು ಅಳತೆಗಾರರನ್ನು ಕಂಡೆ, ಒಳ್ಳೊಳ್ಳೆಯ ಉಪಕರಣಗಳನ್ನೂ ಬಳಸಿದೆ. ಹುಲಿಗೆವ್ವನ ಮೇಲೆ ಹುಟ್ಟಿದಷ್ಟು ನಂಬಿಕೆ ನನಗೆ ಬೇರೆ ಯಾವುದರ ಮೇಲೂ ಹುಟ್ಟಲಿಲ್ಲ.

ಡಿಗ್ರಿ ಬಂದ ಮೇಲೆ ಆಕೆಯ ಮನೆಗೆ ಹೋಗಿ ಎಲ್ಲ ಹೇಳಿ, ನಿನಗೇನು ಕೊಡಲಿ ಯವ್ವಾ ಎಂದೆ. ಏನೂ ಬೇಡ ಅಂದಳು. ಆ ಬಾವಿಯ ನೀರು ಸಿಹಿಯೋ ಹೇಗೆ ಎಂದಷ್ಟೇ ಕೇಳಿದಳು. ಅಳೆದಿದ್ದೆ, ಸೀಸೆಯಲ್ಲಿ ತುಂಬಿ ಪ್ರಯೋಗಾಲಯಕ್ಕೂ ಒಯ್ದಿದ್ದೆ, ಕುಡಿದಿರಲಿಲ್ಲ. ಮುಂದಿನ ವಾರ ಒಂದು ಕ್ಯಾನಿನಲ್ಲಿ ತಂದುಕೊಟ್ಟೆ. ಬೊಗಸೆಯಲ್ಲಿ ಹಿಡಿದು, ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡು ನುಂಗಿದಳು.

"ಸವಳು ಅದಾವ, ಉಪ್ಪುಪ್ಪು," ಅಂದಳು. ಆಮೇಲೆ ನನ್ನ ಕಡೆ ನೋಡದೆ, "ಇಷ್ಟಕ್ಕ ನಮ್ಮಪ್ಪಗ ಮುಟ್ಟಗೊಡಲಿಲ್ಲೇನು ಅವರು?"

ಆಕೆಯ ಅಂಗಾಲಿನ ಗುಟ್ಟು ನನಗೆ ಇವತ್ತಿಗೂ ತಿಳಿಯದು. ಆದರೆ ಈ ಪ್ರಶ್ನೆಯ ಉತ್ತರ ಗೊತ್ತಿತ್ತು. ನಮ್ಮ ಗಿರಣಿಯಲ್ಲೂ ಕೂಲಿಯವರಿಗೆ ತಂಬಿಗೆ ಕೊಡುತ್ತಿರಲಿಲ್ಲ; ಬೊಗಸೆಗೆ ಮೇಲಿನಿಂದ ನೀರು ಹಾಕುತ್ತಿದ್ದೆವು. ಚಿಕ್ಕವನಿದ್ದಾಗ ಎಷ್ಟೋ ಸಲ ಹಾಗೆ ನಾನೇ ಹಾಕಿದ್ದೇನೆ.